ಜ್ವರವಿಳಿದ ಮೇಲೆ ಹೃದಯಕ್ಕೇನಾಗಬಹುದು?

ನೆಗಡಿ, ಗಂಟಲುನೋವು, ಎರಡು ದಿನದ ಜ್ವರ—ಇವು ಬಾರದಿರುವ ಮನೆ ಯಾವುದು? ಬಹುಮಟ್ಟಿಗೆ ಇವು ತಾವಾಗಿ ಬಂದು ತಾವಾಗಿಯೇ ಹೋಗುತ್ತವೆ. ಆದರೆ ಅಪರೂಪವಾಗಿ, ಜ್ವರವಿಳಿದು ಕೆಲವು ದಿನಗಳಾದ ಮೇಲೆ ಎದೆನೋವು, ಏದುಸಿರು, ನಾಡಿಯ ತಾಳ ತಪ್ಪುವಿಕೆ ತಲೆದೋರುವುದುಂಟು. ಇದು ಹೃದಯಸ್ನಾಯುವಿನ ಉರಿಯೂತವಿರಬಹುದು. ವೈದ್ಯರು ಅದನ್ನು ಮಯೋಕಾರ್ಡೈಟಿಸ್ ಎನ್ನುತ್ತಾರೆ.

ಇದನ್ನುಂಟುಮಾಡುವ ವೈರಸ್ಸುಗಳು ಹಲವು. ಅವುಗಳಲ್ಲಿ ಹೆಚ್ಚು ಪರಿಶೀಲನೆಗೆ ಒಳಗಾದದ್ದು ಕಾಕ್ಸಾಕಿ ಬಿ ಗುಂಪು. ಅಮೆರಿಕದ ಹಡ್ಸನ್ ನದೀತೀರದ ಕಾಕ್ಸಾಕಿ ಎಂಬ ಊರಿನ ಮಕ್ಕಳ ಮಲದಲ್ಲಿ ಈ ವಂಶದ ಮೊದಲ ವೈರಸ್ ದೊರೆತುದನ್ನು ಡಾಲ್ಡಾರ್ಫ್ ಮತ್ತು ಸಿಕಲ್ಸ್ 1948ರಲ್ಲಿ ಪ್ರಕಟಿಸಿದರು. ಇದರ ವ್ಯಾಸ ಸುಮಾರು 30 ನ್ಯಾನೊಮೀಟರ್. ಎಂದರೆ ಒಂದು ಮಿಲಿಮೀಟರಿನ ಉದ್ದಕ್ಕೆ ಮೂವತ್ತಮೂರು ಸಾವಿರ ವೈರಸ್ಸುಗಳನ್ನು ಸಾಲಾಗಿ ಇಡಬಹುದು!

ಇಷ್ಟು ಕಿರಿದಾದುದು ಹೃದಯವನ್ನು ಕೆಡಿಸುವುದು ಹೇಗೆ? ಸ್ನಾಯುಕೋಶಗಳು ಒಂದಕ್ಕೊಂದು ಕೂಡುವ ಸಂದಿನಲ್ಲಿ ಒಂದು ಪ್ರೋಟೀನು ಇದೆ. ವೈರಸ್ ಅದನ್ನು ಹಿಡಿದುಕೊಂಡು ಒಳನುಗ್ಗುತ್ತದೆ. ಬಳಿಕ ಕೋಶದ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಅದರ ಒಂದು ಕಿಣ್ವವು ಡಿಸ್ಟ್ರೊಫಿನ್ ಎಂಬ ಪ್ರೋಟೀನನ್ನು ಕತ್ತರಿಸುತ್ತದೆಂದು 1999ರಲ್ಲಿ ತಿಳಿದುಬಂದಿತು. ಕೋಶದ ಪೊರೆಯು ಬಡಿತದ ಎಳೆತವನ್ನು ತಾಳಿಕೊಳ್ಳುವಂತೆ ಮಾಡುವುದು ಈ ಪ್ರೋಟೀನೇ. ಅದು ತುಂಡಾದರೆ ಪೊರೆಯೂ ಹರಿಯುತ್ತದೆ.

ಇಲ್ಲಿಗೆ ವೈರಸ್ಸಿನ ಕೈವಾಡವಾಯಿತು. ಮುಂದಿನ ಹಾನಿಯಲ್ಲಿ ನಮ್ಮ ರಕ್ಷಕರ ಪಾಲೂ ಇದೆ. ಸೋಂಕಿದ ಕೋಶಗಳನ್ನು ಕೊಲ್ಲಲು ಬಂದ ಬಿಳಿಯ ರಕ್ತಕಣಗಳು ಒಮ್ಮೊಮ್ಮೆ ವೈರಸ್ ಅಳಿದ ಮೇಲೂ ಹಿಂದೆಗೆಯವು. ಸ್ವಂತ ಸ್ನಾಯುವಿನ ಮೇಲೆಯೇ ತಿರುಗುತ್ತವೆ. ಚರ್ಮದ ಗಾಯದಂತೆ ಈ ಗಾಯ ಮಾಯುವುದಿಲ್ಲ. ಹೃದಯದ ಕೋಶಗಳು ಹೊಸದಾಗಿ ಹುಟ್ಟುವುದು ಅತ್ಯಲ್ಪ. ಸತ್ತ ಕಡೆ ನಾರು ತುಂಬಿಕೊಳ್ಳುತ್ತದೆ. ನಾರು ಸಂಕುಚಿಸದು, ವಿದ್ಯುತ್ ಸಂಕೇತವನ್ನು ಸರಿಯಾಗಿ ಸಾಗಿಸದು.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲೊಂದು ಪರಿಚಿತ ನಿಯಮ ಎದುರಾಗುತ್ತದೆ. ಒಳಗಿನ ಒತ್ತಡ ಒಂದೇ ಆಗಿದ್ದರೂ, ಗೋಳದ ತ್ರಿಜ್ಯ ಹೆಚ್ಚಿದಂತೆ ಅದರ ಗೋಡೆಯ ಮೇಲಿನ ಎಳೆತವೂ ಹೆಚ್ಚುತ್ತದೆ. ಇದು ಲಾಪ್ಲಾಸನ ನಿಯಮ. ದುರ್ಬಲವಾದ ಹೃದಯ ಹಿಗ್ಗುತ್ತದೆ, ಹಿಗ್ಗಿದುದರಿಂದ ಪ್ರತಿ ಬಡಿತಕ್ಕೂ ಹೆಚ್ಚು ಶ್ರಮಪಡುತ್ತದೆ, ಶ್ರಮದಿಂದ ಇನ್ನಷ್ಟು ಹಿಗ್ಗುತ್ತದೆ. ಅದೃಷ್ಟವಶಾತ್ ಹೆಚ್ಚು ಮಂದಿ ಈ ಹಂತಕ್ಕೆ ಬರುವ ಮೊದಲೇ ಗುಣಹೊಂದುತ್ತಾರೆ.

ಆಟಗಾರರು ಗಮನಿಸತಕ್ಕ ಪ್ರಯೋಗವೊಂದು 1970ರಲ್ಲಿ ಪ್ರಕಟವಾಯಿತು. ಕಾಕ್ಸಾಕಿ ಬಿ-3 ಸೋಂಕಿದ ಇಲಿಗಳನ್ನು ಬಲವಂತವಾಗಿ ಈಜಿಸಿದಾಗ, ವಿಶ್ರಾಂತಿಯಲ್ಲಿದ್ದವುಗಳಿಗಿಂತ ಅವುಗಳ ಹೃದಯದಲ್ಲಿ ವೈರಸ್ ಬಹಳವಾಗಿ ಬೆಳೆಯಿತು, ಸಾವೂ ಹೆಚ್ಚಾಯಿತು. ಮಯೋಕಾರ್ಡೈಟಿಸ್ ಆದವರನ್ನು ವೈದ್ಯರು ಕೆಲಕಾಲ ಮೈದಾನದಿಂದ ದೂರವಿರಿಸಿ, ಹೃದಯವನ್ನು ಮತ್ತೆ ಪರೀಕ್ಷಿಸಿದ ಬಳಿಕವೇ ಆಟಕ್ಕೆ ಅನುಮತಿ ಕೊಡುವುದು ಈ ಬಗೆಯ ಅಪಾಯವನ್ನು ನೆನೆದೇ.