ಮೊದಲು ಲೆಕ್ಕ, ಆಮೇಲೆ ಕಟ್ಟಡ

ಪ್ರಶ್ನೆ: ಕೊಂಡ್ಲಹಳ್ಳಿ ಭಾಗದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತಿದೆ. ಅನುದಾನ ಬಂದರೆ ಮೊದಲು ಏನನ್ನು ಕಟ್ಟಬೇಕು?

ಉತ್ತರ: ಸಮುದಾಯ ಕಾಲೇಜು, ಅಂದರೆ ಸುತ್ತಲಿನ ಹಳ್ಳಿಗಳ ಯುವಜನರು ಮನೆಯಿಂದಲೇ ಓಡಾಡಿಕೊಂಡು ಪದವಿಯನ್ನೋ ಕಸುಬಿನ ಶಿಕ್ಷಣವನ್ನೋ ಪಡೆಯುವ ಸಂಸ್ಥೆ, ಕೊಠಡಿ ಕಟ್ಟುವ ಮುನ್ನ ಇರುವ ಕೊಠಡಿಗಳ ಬಳಕೆಯ ಪ್ರಮಾಣವನ್ನು ಅಳೆಯಬೇಕು. ವಾರಕ್ಕೆ 36 ಅವಧಿ ತೆರೆದಿರುವ ಕೊಠಡಿಯಲ್ಲಿ 18 ಅವಧಿ ಮಾತ್ರ ಪಾಠ ನಡೆಯುತ್ತಿದ್ದರೆ ಬಳಕೆ ಶೇ 50 ಎಂದಾಗುತ್ತದೆ. ಅಲ್ಲಿ ಬದಲಾಗಬೇಕಾದದ್ದು ವೇಳಾಪಟ್ಟಿಯೇ ಹೊರತು ಕಟ್ಟಡವಲ್ಲ. ವೇಳಾಪಟ್ಟಿಯೂ ಹಳ್ಳಿಗಳ ಬಸ್ಸಿನ ಸಮಯಕ್ಕೆ ಹೊಂದಿಕೊಳ್ಳದಿದ್ದರೆ ಕೊನೆಯ ಅವಧಿಯ ಬೆಂಚುಗಳು ಖಾಲಿ ಉಳಿಯುತ್ತವೆ.

ಈ ಭಾಗದ ಚಳ್ಳಕೆರೆ ಮತ್ತು ಮೊಳಕಾಲ್ಮೂರು ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿಗೆ ಸೇರುವುದರಿಂದ ಇಲ್ಲಿನ ಯೋಜನೆ ನೀರಿನಿಂದಲೇ ಆರಂಭವಾಗುವುದು ವಿವೇಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ಒಂದು ಲೀಟರ್ ನೀರಾಗುವ ಕಾರಣ, 1,000 ಚದರ ಮೀಟರಿನ ತಾರಸಿ, ವರ್ಷಕ್ಕೆ 500 ಮಿಲಿಮೀಟರ್ ಮಳೆಯಾಗಿ ಶೇ 20 ಪೋಲಾದರೂ, ಸುಮಾರು 4 ಲಕ್ಷ ಲೀಟರ್ ಕೊಡಬಲ್ಲದು. ಕೊಳವೆಬಾವಿಯ ನೀರನ್ನು ಕುಡಿಯಲು ಬಳಸುವುದಾದರೆ ಫ್ಲೋರೈಡ್ ಪರೀಕ್ಷೆ ಕಡ್ಡಾಯವಾಗಿ ಆಗಬೇಕು. ಭಾರತೀಯ ಮಾನಕದ ಪ್ರಕಾರ ಅದರ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ.

ಆದ್ದರಿಂದ ಕಾಲೇಜಿನ ಆಡಳಿತ ಸಮಿತಿಯು ಮೊದಲು ನೀರು ಮತ್ತು ವಿದ್ಯಾರ್ಥಿನಿಯರ ಶೌಚಾಲಯ, ಬಳಿಕ ಗ್ರಂಥಾಲಯ ಹಾಗೂ ಪ್ರಯೋಗಾಲಯ, ಕೊನೆಗೆ ಹೊಸ ಕೊಠಡಿ ಎಂಬ ಕ್ರಮವನ್ನು ಅನುಸರಿಸಬೇಕು. ಗಾಲಿಕುರ್ಚಿಗೆ ಬೇಕಾದ ಇಳಿಜಾರು ದಾರಿಯನ್ನು, ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದಂತೆ, ನಕ್ಷೆಯಲ್ಲಿಯೇ ಸೇರಿಸಬೇಕು. ನೀರಿಲ್ಲದ ಶೌಚಾಲಯದ ಕಾರಣಕ್ಕೆ ಒಬ್ಬ ಹುಡುಗಿಯೂ ಓದು ಬಿಡದಿರಲಿ.