ಮುಂಬರುವದನ್ನು ಕಾಣುವ ಮೂರು ಇಂಗ್ಲಿಷ್ ಪದಗಳು

ಮುಂಬರುವದನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯುವ ವಿದ್ಯಾರ್ಥಿನಿಯರು ಮೂರು ಕ್ರಿಯಾಪದಗಳ ಭೇದವನ್ನು ಅರಿತಿರಬೇಕೆಂದು ನಾವು ಬಯಸುತ್ತೇವೆ.

‘ಇಮ್ಯಾಜಿನ್’ ಎಂದರೆ ಮನಸ್ಸಿನಲ್ಲಿ ಚಿತ್ರಿಸುವದು, ಅದು ನಡೆಯಲೇಬೇಕೆಂದಿಲ್ಲ. ತೋಡಾರಿನ ಗುಡ್ಡಗಳಿಗೆ ರೆಕ್ಕೆ ಮೂಡಿತೆಂದೂ ಚಿತ್ರಿಸಬಹುದು.

‘ಫೋರ್‌ಸೀ’ ಎಂದರೆ ಕಾರಣದಿಂದ ಕಾರ್ಯವನ್ನು ಮುಂಗಾಣುವದು. ಮೋಡವನ್ನು ಕಂಡು ಅಂಗಳದ ಅಡಿಕೆಯನ್ನು ಒಳಗೆ ತರುವವಳು ಮಳೆಯನ್ನು ಮುಂಗಾಣುತ್ತಾಳೆ.

‘ಎನ್ವಿಸೇಜ್’ ಎಂಬದರ ಮೂಲದಲ್ಲಿ ‘ಮುಖ’ ಎಂಬ ಅರ್ಥದ ಫ್ರೆಂಚ್ ಪದವುಂಟು; ಆಗಬಹುದಾದದ್ದನ್ನು ಮುಖಾಮುಖಿಯಾಗಿ ನಿಲ್ಲಿಸಿ ಯೋಚಿಸುವದೇ ಇದರ ಭಾವ. ಕಿಟ್ಟೆಲ್ ಪಂಡಿತರು ಕನ್ನಡ-ಇಂಗ್ಲಿಷ್ ನಿಘಂಟನ್ನು ಹೀಗೆ ಎದುರಿಗಿಟ್ಟುಕೊಂಡು ವರುಷಗಟ್ಟಲೆ ದುಡಿದರು. 1894ರಲ್ಲಿ ಅದು ಮಂಗಳೂರಿನಲ್ಲಿ ಪ್ರಕಟವಾಯಿತು.

ದಾದಿಯರ ತರಬೇತಿಗೆ ಬರೆಯುವ ಅರ್ಜಿಯಲ್ಲಿ ‘ದಾದಿಯಾಗುವದನ್ನು ಇಮ್ಯಾಜಿನ್ ಮಾಡುತ್ತೇನೆ’ ಎಂದರೆ ಓದುವವರು ಬರಿಯ ಕನಸೆಂದು ಎಣಿಸಿಯಾರು. ‘ಎನ್ವಿಸೇಜ್’ ಎಂದು ಬರೆಯಿರಿ. ಬರೆದುದಕ್ಕೆ ತಕ್ಕ ಹಾಗೆ ಓದಿರಿ.