ನರ್ಸರಿಯ ಫೈಕಸ್ ಗಿಡದಿಂದ ಪುಟ್ಟ ಬೋನ್ಸಾಯ್

ಪ್ರಥಮ ಪಿಯುಸಿಯಲ್ಲಿದ್ದಾಗ ಡಿಸೆಂಬರ್ ತಿಂಗಳಲ್ಲಿ, ಉಳಿಸಿಟ್ಟ ಈದಿ ದುಡ್ಡಿನಿಂದ 180 ರೂಪಾಯಿ ಕೊಟ್ಟು ನರ್ಸರಿಯಿಂದ ಒಂದು ಫೈಕಸ್ ಗಿಡ ತಂದೆ. ಮೊಬೈಲಿನಲ್ಲಿ ನೋಡಿದ ವಿಡಿಯೋದಲ್ಲಿ ಹತ್ತೇ ನಿಮಿಷಕ್ಕೆ ಗಿಡ ಬೋನ್ಸಾಯ್ ಆಗಿತ್ತು. ನಾನೂ ಒಂದೇ ಭಾನುವಾರದಲ್ಲಿ ಕೊಂಬೆ ಕತ್ತರಿಸಿ, ತಂತಿ ಸುತ್ತಿ, ಬೇರು ಕತ್ತರಿಸಿ ಚಪ್ಪಟೆ ಕುಂಡಕ್ಕೆ ಹಾಕಿದೆ. ಮೂರನೇ ವಾರಕ್ಕೆ ಎಲೆಗಳೆಲ್ಲ ಉದುರಿ ಗಿಡ ಒಣಗಿತು. ಅಮ್ಮಿ ಅದನ್ನು ನೋಡಿ, “ಚೆನ್ನಾಗಿದ್ದ ಗಿಡ. ಇದು ಜುಲ್ಮ್ ಅಲ್ಲವಾ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ತಪ್ಪು ಎಲ್ಲಿ ಎಂದು ಆಮೇಲೆ ಓದಿ ತಿಳಿದುಕೊಂಡೆ. ಎಲೆ ಬೆಳಕಿನಲ್ಲಿ ಆಹಾರ ತಯಾರಿಸುತ್ತದೆ. ಬೇರು ನೀರು ಮತ್ತು ಲವಣ ತರುತ್ತದೆ. ಕಾಂಡ, ಬೇರುಗಳಲ್ಲಿ ಕೂಡಿಟ್ಟ ಪಿಷ್ಟ ಗಿಡದ ಉಳಿತಾಯ. ನಾನು ಒಂದೇ ದಿನ ಆದಾಯವನ್ನೂ ನಿಲ್ಲಿಸಿದೆ, ಉಳಿತಾಯವನ್ನೂ ಕತ್ತರಿಸಿದೆ. ಅದೂ ಫೈಕಸ್ ನಿಧಾನವಾಗಿ ಬೆಳೆಯುವ ಚಳಿಗಾಲದಲ್ಲಿ. ಫೆಬ್ರವರಿ ಕೊನೆಗೆ ಎರಡನೇ ಗಿಡ ತಂದು, ಒಂದು ಸಲಕ್ಕೆ ಒಂದೇ ದೊಡ್ಡ ಕೆಲಸ ಎಂಬ ನಿಯಮ ಹಾಕಿಕೊಂಡೆ. ಮಾಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

1. ಗಿಡದ ಆಯ್ಕೆ: ಜಪಾನಿ ಭಾಷೆಯಲ್ಲಿ ‘ಬೋನ್’ ಎಂದರೆ ತಟ್ಟೆಯಂಥ ಕುಂಡ, ‘ಸಾಯ್’ ಎಂದರೆ ನೆಡುವುದು. ಇದು ಬೇರೆ ಜಾತಿಯ ಗಿಡವಲ್ಲ, ಬೆಳೆಸುವ ರೀತಿ. ಆಲ, ಅರಳಿ, ಅತ್ತಿಗಳ ಕುಲಕ್ಕೇ ಸೇರಿದ ಫೈಕಸ್ ನಮ್ಮ ಹವೆಗೆ ಹೊಂದುತ್ತದೆ. ಕೊಳ್ಳುವಾಗ ಎತ್ತರ, ಎಲೆ ನೋಡಬೇಡಿ. ಮೇಲ್ಮಣ್ಣು ಸ್ವಲ್ಪ ಸರಿಸಿ ಬುಡ ನೋಡಿ. ಕಾಂಡ ಬುಡದಲ್ಲಿ ದಪ್ಪವಾಗಿ ಮೇಲಕ್ಕೆ ಹೋದಂತೆ ಸಣ್ಣಗಾಗಬೇಕು. ಬೇರುಗಳು ನಾಲ್ಕೂ ದಿಕ್ಕಿಗೆ ಹರಡಿರಬೇಕು. ಕೆಳಗೂ ಕೊಂಬೆಗಳಿದ್ದರೆ ಒಳ್ಳೆಯದು.

2. ಎತ್ತರ: ಬುಡದ ದಪ್ಪದ ಆರು ಪಟ್ಟು ಎತ್ತರವಿದ್ದರೆ ಪುಟ್ಟ ಗಿಡವೂ ದೊಡ್ಡ ಮರದಂತೆ ಕಾಣುತ್ತದೆ ಎಂಬುದು ರೂಢಿಯ ಲೆಕ್ಕ. ನನ್ನ ಗಿಡದ ಬುಡ 3 ಸೆಂ.ಮೀ., ಆದ್ದರಿಂದ ಎತ್ತರ 18 ಸೆಂ.ಮೀ. ತಂದಾಗ ಅದು 50 ಸೆಂ.ಮೀ. ಇತ್ತು. 18ರ ಸುಮಾರಿಗಿದ್ದ ಒಂದು ಚಿಕ್ಕ ಕೊಂಬೆಯ ಮೇಲೆ ಕತ್ತರಿಸಿದೆ. ಆ ಕೊಂಬೆಯೇ ಈಗ ತುದಿ.

3. ಕೊಂಬೆಗಳು: ಗಿಡವನ್ನು ಸುತ್ತ ತಿರುಗಿಸಿ, ಬುಡ ಚೆನ್ನಾಗಿ ಕಾಣುವ ಕಡೆಯನ್ನು ಮುಂಭಾಗ ಮಾಡಿ. ಕೆಳಗಿನ ಕೊಂಬೆ ಎತ್ತರದ ಮೂರನೇ ಒಂದು ಭಾಗದಲ್ಲಿರಲಿ. ಮುಂದಿನವು ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಹಿಂದಕ್ಕೆ ಬರಲಿ. ಒಂದೇ ಜಾಗದಿಂದ ಎದುರುಬದುರಾಗಿ ಎರಡು ಹೊರಟಿದ್ದರೆ ಒಂದನ್ನು ತೆಗೆಯಿರಿ. ಕತ್ತರಿಸಿದಲ್ಲಿ ಬಿಳಿ ಹಾಲು ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

4. ತಂತಿ: ಕತ್ತರಿಸಿದ ಮೇಲೆ ಐದು ವಾರ ಕಾದೆ. ಹೊಸ ಚಿಗುರು ಬಂದ ನಂತರವೇ ತಂತಿ ಸುತ್ತಿದೆ. ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟು ದಪ್ಪದ ಅಲ್ಯೂಮಿನಿಯಂ ತಂತಿ ಸಾಕು. ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತಿ, ನಿಧಾನವಾಗಿ ಬಗ್ಗಿಸಿ. ವಾರಕ್ಕೊಮ್ಮೆ ಪರೀಕ್ಷಿಸಿ. ಓದಿನ ನೆಪದಲ್ಲಿ ನಾನು ಎರಡು ವಾರ ನೋಡಲಿಲ್ಲ. ಒಂದು ಕೊಂಬೆಯಲ್ಲಿ ತಂತಿ ಒಳಕ್ಕೆ ಕಚ್ಚಿದ ಗುರುತು ಇನ್ನೂ ಇದೆ. ತೆಗೆಯುವಾಗ ಬಿಚ್ಚಬೇಡಿ, ಪಕ್ಕಡ್‌ನಿಂದ ತುಂಡು ತುಂಡಾಗಿ ಕತ್ತರಿಸಿ.

5. ಕುಂಡ: ಬೇರಿನ ಕೆಲಸವನ್ನು ಮಳೆ ಶುರುವಾದ ಮೇಲೆ, ಜೂನ್ ಕೊನೆಗೆ ಮಾಡಿದೆ. ಕೆಂಪು ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು ಸಮಪಾಲು ಸೇರಿಸಿ, ಸ್ವಲ್ಪ ಎಲೆಗೊಬ್ಬರ ಹಾಕಿದೆ. ನೀರು ನಿಲ್ಲದಂತೆ ಮೊದಲೇ ಜರಡಿ ಹಿಡಿದು ಧೂಳು ತೆಗೆದಿದ್ದೆ. ಬೇರಿನ ಮೂರನೇ ಒಂದು ಭಾಗ ಮಾತ್ರ ಕತ್ತರಿಸಿದೆ. ಆ ದಿನ ಕೊಂಬೆ ಮುಟ್ಟಲಿಲ್ಲ. ಗಿಡ ಅಲ್ಲಾಡದಂತೆ ತಂತಿಯಿಂದ ಕುಂಡಕ್ಕೆ ಕಟ್ಟಿ, ಎರಡು ವಾರ ನೆರಳಿನಲ್ಲಿಟ್ಟೆ.

6. ಆರೈಕೆ: ಬೋನ್ಸಾಯ್ ಎಂದು ಟಿವಿ ಪಕ್ಕ ಇಡಬೇಡಿ. ಅದಕ್ಕೆ ಬಿಸಿಲು, ಗಾಳಿ ಬೇಕು. ಮೇಲ್ಮಣ್ಣು ಒಣಗಿದಾಗ, ಕುಂಡದ ತೂತಿನಿಂದ ಹೊರಬರುವಷ್ಟು ನೀರು ಹಾಕಿ. ಹೊಸ ಚಿಗುರಿನಲ್ಲಿ ಆರು ಎಲೆ ಬಂದ ಮೇಲೆ ಎರಡು ಉಳಿಸಿ ಕತ್ತರಿಸುತ್ತಾ ಹೋದರೆ ಕವಲುಗಳು ಹೆಚ್ಚುತ್ತವೆ.

ಗಿಡ, ತಂತಿ, ಕುಂಡ ಎಲ್ಲ ಸೇರಿ ಎರಡನೇ ಸಲ 390 ರೂಪಾಯಿ ಖರ್ಚಾಯಿತು. ಮೊದಲ ಗಿಡದ 180 ನಷ್ಟದ ಕಡೆ ಬರೆದಿದ್ದೇನೆ. ಮಾರಿ ಲಾಭ ಮಾಡಬೇಕೆಂದು ಶುರು ಮಾಡಿದ್ದೆ. ಈಗ ಆ ಯೋಚನೆ ಇಲ್ಲ.

ಅಮ್ಮಿಯ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇಷ್ಟು. ಕತ್ತರಿಸಿದ ಕೊಂಬೆ ಮತ್ತೆ ಚಿಗುರುತ್ತದೆ. ಆದರೆ ನೆಲದಲ್ಲಿರುವ ಆಲದಮರ ನೀರು ಹುಡುಕಿಕೊಂಡು ಬೇರು ಬಿಡಬಲ್ಲದು, ಕುಂಡದ ಗಿಡಕ್ಕೆ ಆ ದಾರಿಯನ್ನು ನಾವೇ ಮುಚ್ಚಿದ್ದೇವೆ. ಮುಚ್ಚಿದ ಮೇಲೆ ಮರೆತರೆ ಅದು ಜುಲ್ಮ್. ಕನ್ನಡ ಪತ್ರಿಕೆಗಳಲ್ಲಿ ‘ಅಮಾನತು’ ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಈ ಗಿಡ ನನಗೆ ಎರಡನೇ ಅರ್ಥದ್ದು.

ಇದನ್ನು ಅಮ್ಮಿಗೆ ಹೇಳಿದೆ. ಅವರು ಏನೂ ಹೇಳಲಿಲ್ಲ. ಆದರೆ ಸ್ಪೆಷಲ್ ಕ್ಲಾಸ್ ಮುಗಿಸಿ ತಡವಾಗಿ ಹೋದ ದಿನಗಳಲ್ಲಿ ಕುಂಡದ ಮಣ್ಣು ಆಗಲೇ ಒದ್ದೆಯಾಗಿರುತ್ತದೆ.